ಹನ್ನೊಂದು ದಿನ ಹೊರಗಿದ್ದ ಬ್ಯಾಟರಿ

ಹೊನ್ನಾಳಿಯಲ್ಲಿ ನಮ್ಮ ಮನೆ ಹೊಳೆಯಿಂದ ಮೂರನೇ ಬೀದಿ. ಮಳೆಗಾಲದಲ್ಲಿ ತುಂಗಭದ್ರೆ ತುಂಬಿಕೊಂಡಾಗ ಆಚೆ ದಡದ ಹೊಲಗಳಿಗೆ ಆಳುಗಳನ್ನು, ಹುಲ್ಲಿನ ಹೊರೆಗಳನ್ನು, ಒಮ್ಮೊಮ್ಮೆ ಹಾಲಿನ ಕ್ಯಾನುಗಳನ್ನು ದಾಟಿಸುವುದು ನಮ್ಮವರ ಇಂಜಿನ್ ದೋಣಿಯ ಕೆಲಸವಾಗಿತ್ತು. ದೀಪಾವಳಿ ಕಳೆದು ನೀರು ಇಳಿದು, ಬಂಡೆಗಳು ಮೇಲೆದ್ದವೆಂದರೆ ದೋಣಿಗೆ ರಜೆ. ಹಳೆಯ ಟೈರುಗಳ ಮೇಲೆ ಅದನ್ನು ಕೂರಿಸಿ, ತಾಡಪಾಲು ಹೊದಿಸಿ ಬಿಗಿದು, ಎರಡು ಬ್ಯಾಟರಿಗಳನ್ನು ಕಳಚಿ ಕೈಗಾಡಿಯಲ್ಲಿ ಮನೆಗೆ ತರುತ್ತಿದ್ದರು. ಒಂದು ಇಂಜಿನ್ ಸ್ಟಾರ್ಟ್ ಮಾಡುವುದಕ್ಕೆ, ಇನ್ನೊಂದು ದೋಣಿಯ ಮೂತಿಯಲ್ಲಿರುವ ದೊಡ್ಡ ದೀಪಕ್ಕೆ. ಅಲ್ಲಿಂದ ಮುಂದಿನ ಮಳೆಯವರೆಗೆ ಅವು ನನ್ನ ಸುಪರ್ದಿಯಲ್ಲಿ.

ಹಾಗೆ ನನ್ನ ಸುಪರ್ದಿಗೆ ಬಂದದ್ದು ಒಂದು ಜಗಳದಿಂದ. ಇಂಜಿನ್ ದೋಣಿ ಕೊಂಡ ಮೊದಲ ವರ್ಷ ಇವರು ಬ್ಯಾಟರಿಗೆ ಬೋರಿನ ನೀರು ಸುರಿಯುತ್ತಿದ್ದುದನ್ನು ಕಂಡು ನಾನು ಶಾಲೆಯಿಂದ ಬಂದ ಸೀರೆಯಲ್ಲೇ ಕೂಗಾಡಿದ್ದೆ. ದಾವಣಗೆರೆಯ ಕಾನ್ವೆಂಟಿನಲ್ಲಿ ಸೈನ್ಸ್ ಹೇಳಿಕೊಟ್ಟ ಸಿಸ್ಟರ್ ಇದ್ದರಲ್ಲ, ಅವರ ದನಿಯೇ ನನ್ನ ಗಂಟಲಲ್ಲಿ ಬಂದಿತ್ತು: "ಡಿಸ್ಟಿಲ್ಡ್ ವಾಟರ್! ಓನ್ಲಿ ಡಿಸ್ಟಿಲ್ಡ್ ವಾಟರ್!"

"ನೀರು ನೀರೇ ಅಲ್ವೇನೆ?" ಎಂದರು ಇವರು.

"ಅಲ್ಲ."

"ಹಂಗಾದ್ರೆ ನೀನೇ ನೋಡ್ಕ, ಮಿಸ್ಸೂ. ನಿನ್ನ ಕ್ಲಾಸಿಗೆ ಇನ್ನೆರಡು ದಡ್ಡ ಹುಡ್ರು ಬಂದ್ವು ಅಂತ ತಿಳ್ಕ."

ಅಂದಿನಿಂದ ನಾನು ಮನೆಯಲ್ಲೂ ಮಿಸ್ಸು. ಆ ಎರಡು ದಡ್ಡ ಹುಡುಗರನ್ನು ನಾನು ನಿಜಕ್ಕೂ ಚೆನ್ನಾಗಿಯೇ ನೋಡಿಕೊಂಡೆ. ಬಿಸಿನೀರಿಗೆ ಅಡಿಗೆ ಸೋಡಾ ಹಾಕಿ ಹಳೆಯ ಟೂತ್‌ಬ್ರಷ್ಷಿನಿಂದ ತಲೆಯ ಮೇಲಿನ ಹಸಿರು ಕಿಲುಬನ್ನು ಉಜ್ಜುವುದು, ಒಣಗಿಸಿ ವ್ಯಾಸಲೀನ್ ಸವರುವುದು, ನೆಲದ ತಂಡಿ ತಾಗದಂತೆ ಮಣೆಯ ಮೇಲೆ ಇಡುವುದು. ತಿಂಗಳಿಗೊಮ್ಮೆ ಆರೂ ಬಿರಡೆ ತೆಗೆದು, ರಬ್ಬರ್ ಬುರುಡೆಯ ಗಾಜಿನ ಕೊಳವೆಯಿಂದ ಆಸಿಡ್ ಎಳೆದು ನೋಡುವುದು. ಒಳಗಿನ ತೇಲುಕಡ್ಡಿ ಸಾವಿರದ ಇನ್ನೂರ ಅರವತ್ತಕ್ಕೆ ನಿಂತರೆ ಬ್ಯಾಟರಿ ತುಂಬಿದೆ ಎಂದರ್ಥ, ಕೆಳಗಿಳಿದಷ್ಟೂ ಖಾಲಿ. ಇಳಿದಿದ್ದರೆ ಚಾರ್ಜಿಗೆ ಹಾಕಬೇಕು, ಅವತ್ತೇ ಹಾಕಬೇಕು. ಖಾಲಿ ಬ್ಯಾಟರಿಯನ್ನು ಖಾಲಿಯಾಗಿಯೇ ಬಿಟ್ಟರೆ ಒಳಗಿನ ಸೀಸದ ಪ್ಲೇಟುಗಳ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ, ಆಮೇಲೆ ಎಷ್ಟು ಕರೆಂಟು ಕೊಟ್ಟರೂ ಅದು ಉಣ್ಣುವುದಿಲ್ಲ. ಇದು ನನಗೆ ಗೊತ್ತಿತ್ತು. ನಮ್ಮ ಬೀದಿಯಲ್ಲಿ ಇದು ಗೊತ್ತಿದ್ದವಳು ನಾನೊಬ್ಬಳೇ.

ಹೋದ ವರ್ಷ ಗಣೇಶನ ಹಬ್ಬದ ಹೊತ್ತಿಗೆ ಇವರಿಗೆ ದಡದಿಂದ ರಸ್ತೆಗೆ ಹತ್ತುವಷ್ಟರಲ್ಲಿ ಮೂರು ಸಲ ಕೂರಬೇಕಾಯಿತು. ದಾವಣಗೆರೆಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಶ್ವಾಸಕೋಶ ಒಣಗಿದ ಸೋರೆಬುರುಡೆಯ ಹಾಗೆ ಗಟ್ಟಿಯಾಗುತ್ತಿದೆ, ಇದನ್ನು ತಿರುಗಿಸುವ ಔಷಧಿ ಇಲ್ಲ ಎಂದರು. ಆಕ್ಸಿಜನ್ ಬೇಕು, ಆಸ್ಪತ್ರೆಯಲ್ಲಿದ್ದರೆ ಒಳ್ಳೆಯದು, ಮನೆಯಲ್ಲೇ ಇರಬೇಕೆಂದರೆ ಮಷಿನ್ ಇಟ್ಟುಕೊಳ್ಳಿ, ಆದರೆ ಅದು ನಿಲ್ಲುವ ಹಾಗಿಲ್ಲ.

ಬಸ್ಸಿನಲ್ಲಿ ಬರುವಾಗ ಇವರು ಒಂದೇ ಮಾತು ಹೇಳಿದ್ದು. "ಆಸ್ಪತ್ರೆಗೆ ಹಾಕಬ್ಯಾಡ ಕಣೆ. ಅಲ್ಲಿ ಛಾವಣಿ ನೋಡ್ಕಂಡು ಸಾಯಾಕೆ ನನ್ ಕೈಲಿ ಆಗಲ್ಲ. ಮನೆಯಾಗೆ ಇರ್ತೀನಿ, ಆಗೋದು ಅಲ್ಲೇ ಆಗ್ಲಿ."

"ಪ್ರಾಮಿಸ್" ಎಂದೆ. ನಲವತ್ತಾರು ವರ್ಷದ ಸಂಸಾರದಲ್ಲಿ ಅವರು ನನ್ನಿಂದ ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

ಮಷಿನ್ ಸಿಕ್ಕಿದ್ದು ಚನ್ನಗಿರಿಯಲ್ಲಿ, ನನ್ನ ದೂರದ ಸಂಬಂಧಿಕರ ಮನೆಯಲ್ಲಿ. ಅವರ ಅತ್ತೆ ತೀರಿಕೊಂಡು ಎರಡು ತಿಂಗಳಾಗಿತ್ತು. ಮೂಲೆಯಲ್ಲಿ ಹಾಸಿಗೆ ಬಟ್ಟೆ ಮುಚ್ಚಿ ಇಟ್ಟಿದ್ದರು. ಮೊಣಕಾಲೆತ್ತರದ ಬಿಳಿಯ ಪೆಟ್ಟಿಗೆ, ಗೊರಕೆ ಹೊಡೆಯುವ ಹಾಗೆ ಸದ್ದು. ಕಾರಿನಲ್ಲಿ ತಂದು ಇವರ ಮಂಚದ ಪಕ್ಕ ಇಟ್ಟೆವು. ಕಿಟಕಿಯಿಂದ ಎರಡು ಮನೆಗಳ ಸಂದಿಯಲ್ಲಿ ಅಂಗೈಯಷ್ಟು ಹೊಳೆ ಕಾಣುತ್ತದೆ. ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಇವರು ಅದನ್ನೇ ನೋಡುತ್ತಾ ಮಲಗಿದರು.

ಕರೆಂಟು ಹೋದಾಗ ಏನು ಗತಿ ಎನ್ನುವುದಕ್ಕೆ ದೋಣಿಯ ಬ್ಯಾಟರಿಗಳಿದ್ದವಲ್ಲ! ಇನ್ವರ್ಟರ್ ಪೆಟ್ಟಿಗೆಗೆ ಎರಡನ್ನೂ ಜೋಡಿಸಿ, ಮಷಿನ್ ಹಚ್ಚಿ, ಗಡಿಯಾರ ಇಟ್ಟುಕೊಂಡು ನೋಡಿದೆ. ಎರಡೂ ಸೇರಿ ಮೂರು ಗಂಟೆಯ ಮೇಲೆ ಹತ್ತು ನಿಮಿಷ ನಡೆಸಿದವು. ಜೊತೆಗೆ ಮುಕ್ಕಾಲು ಗಂಟೆ ಬರುವ ಒಂದು ಚಿಕ್ಕ ಸಿಲಿಂಡರ್. ನಮ್ಮ ಕಡೆ ಕರೆಂಟು ಹೋದರೆ ಸಾಮಾನ್ಯವಾಗಿ ಎರಡು ಗಂಟೆಯೊಳಗೆ ಬರುತ್ತದೆ. ಸಾಕು ಎಂದುಕೊಂಡೆ. ಇವರು ಮಲಗಿದಲ್ಲಿಂದಲೇ ರೇಗಿಸಿದರು: "ಈ ವರ್ಷ ದೋಣಿ ಮನೆಯಾಗೇ ಓಡ್ತೈತೆ. ಹತ್ತು ಮಿಸ್ಸೂ, ಆಚೆ ದಡಕ್ಕೆ ಬಿಡ್ತೀನಿ."

ಕೈಯಾಸರೆಗೆಂದು ಜಗಳೂರಿನಿಂದ ಇವರ ಅಕ್ಕ ಬಂದರು. ನನಗಿಂತ ಎಂಟು ವರ್ಷ ದೊಡ್ಡವರು, ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ನಾನೂ ಅಕ್ಕ ಎಂದೇ ಕರೆಯುವುದು. ಬಂದ ದಿನವೇ ಬ್ಯಾಟರಿಗಳ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಇವೇನೇ ತಂಗಿ, ಇವಕ್ಕೂ ಎಣ್ಣೆ ಸ್ನಾನ ಮಾಡಿಸ್ತೀಯ? ನಮ್ ಜಗಳೂರಾಗೆ ಕುಡಿಯಾಕೆ ನೀರಿಗೆ ಬಡಿದಾಡ್ತೀವಿ. ನೀವು ನೀರಿನ ಮ್ಯಾಲೆ ಮೋಟ್ರು ಓಡಿಸಿ, ಮೋಟ್ರಿಗೂ ಬಾಟ್ಲಿ ನೀರು ಕುಡಿಸ್ತೀರಿ. ಪುಣ್ಯವಂತ್ರಪ್ಪ."

"ಅಕ್ಕ, ಅದು ನಿನ್ ತಮ್ಮನ ಉಸಿರು. ಬೈಬ್ಯಾಡ" ಎಂದರು ಇವರು ಒಳಗಿನಿಂದ.

ಅಕ್ಕ ತಟ್ಟನೆ ಬಾಗಿ ಬ್ಯಾಟರಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಮರುದಿನದಿಂದ ದೇವರಿಗೆ ಹಚ್ಚುವಾಗ ಅವಕ್ಕೂ ಒಂದೊಂದು ಗೆರೆ ವಿಭೂತಿ. ನಾನು ನಕ್ಕೆ. ಬೇಡವೆನ್ನಲಿಲ್ಲ.

ಆ ಚಳಿಗಾಲದ ಕೆಟ್ಟ ಚಳಿ ಡಿಸೆಂಬರಿನ ಕೊನೆಯಲ್ಲಿ. ಒಂದು ಮಧ್ಯಾಹ್ನ ನಾಲ್ಕನೇ ಮನೆಯವನು ಬಂದು ಬಾಗಿಲಲ್ಲಿ ನಿಂತ. ಅವನ ತಾಯಿ ಬೆಳಿಗ್ಗೆ ತೀರಿಕೊಂಡಿದ್ದರು. ನಾನು ಹೋಗಿ ನೋಡಿಕೊಂಡು ಬಂದು ಸ್ನಾನವನ್ನೂ ಮಾಡಿದ್ದೆ. ಅವನು ನನ್ನ ಹಳೆಯ ವಿದ್ಯಾರ್ಥಿ, ಈಗ ಅವನಿಗೇ ಮೊಮ್ಮಕ್ಕಳಿದ್ದಾರೆ. ಇನ್ನೂ ಚಪ್ಪಲಿ ಬಿಟ್ಟೇ ಮಾತಾಡುತ್ತಾನೆ.

"ಟೀಚರ್ರೇ, ಭಜನೆಯೋರು ಬಂದವ್ರೆ. ಮೈಕಿನೋನ ಬ್ಯಾಟ್ರಿ ಕೈ ಕೊಟ್ಟೈತೆ. ನಿಮ್ದೊಂದು ಕೊಟ್ರೆ ಬೆಳಿಗ್ಗೆ ಮಣ್ಣು ಆದ ಮ್ಯಾಲೆ ನಾನೇ ತಂದು ಇಡ್ತೀನಿ. ಕೇಳಾಕೆ ಬಾಯಿ ಬರವಲ್ದು, ಯಜಮಾನ್ರು ಹಿಂಗಿದಾರೆ..."

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಇವರ ದನಿ ಬಂತು. ಎರಡು ಪದಕ್ಕೊಂದು ಉಸಿರು. "ಕೊಡೇ. ಸತ್ತ ಮನೆಗೆ ಇಲ್ಲ ಅನಬ್ಯಾಡ. ಆ ತಾಯಿ ನನ್ ದೋಣಿಯಾಗೆ ಎಷ್ಟ್ ಸಲ ದಾಟಿದಾಳೆ."

ಕೊಟ್ಟೆ. ಅದರಲ್ಲಿ ತಪ್ಪಿರಲಿಲ್ಲ, ಈಗಲೂ ಇಲ್ಲ ಎನ್ನುತ್ತೇನೆ.

ಹೇಳಿದ ಹಾಗೆಯೇ ಅವನು ಮರುದಿನ ಮಣ್ಣು ಮುಗಿಸಿ, ತಲೆಯ ನೀರೂ ಆರದೆ, ಬ್ಯಾಟರಿಯನ್ನು ತಂದು ಕಟ್ಟೆಯ ಮೇಲಿಟ್ಟು ಹೋದ. ಹಗಲು ರಾತ್ರಿ ಹಾಡಿಸಿ ಪೂರ್ತಿ ಹಿಂಡಿಹೋಗಿತ್ತು. ನಾನು ಸೆರಗು ಸಿಕ್ಕಿಸಿಕೊಂಡು ಎತ್ತಲು ಬಗ್ಗಿದೆ. ಅಕ್ಕ ಹೊಸ್ತಿಲಲ್ಲಿ ಎರಡೂ ಕೈ ಅಗಲಿಸಿ ನಿಂತರು.

"ಒಳಗ್ ತರಬ್ಯಾಡ."

"ಚಾರ್ಜಿಗೆ ಹಾಕ್ಬೇಕಕ್ಕ. ಈಗ್ಲೇ."

"ಹೆಣದ ತಲೆದಿಂಬಿಗೆ ಕುಂತು ಬಂದೈತೆ ಅದು. ಮಲಗಿರೋ ಮನುಷ್ಯ ಇರೋ ಮನಿ ಇದು. ಹನ್ನೊಂದು ಆಗ್ಲಿ, ಆ ಮನಿ ಶುದ್ಧ ಆಗ್ಲಿ, ಅರಿಶಿನದ ನೀರು ಹಾಕಿ ಒಳಗ್ ತಕಳಾಣ."

"ಅಕ್ಕ, ನಮ್ಮವರಲ್ಲಿ ಸೂತಕವೇ ಇಲ್ಲ ಅಂತ ಸ್ವಾಮಿಗಳೇ ಭಾಷಣ ಮಾಡ್ತಾರೆ."

"ಸ್ವಾಮಿಗಳ ಮನಿಯಾಗೆ ಯಾರೂ ಮಲಗಿಲ್ಲ. ನಂಗೆ ಇರೋದು ಒಬ್ನೇ ತಮ್ಮ."

"ಇಲ್ಲೇ ಕಟ್ಟೆ ಮೇಲೇ ಇರ್ಲಿ, ವೈರ್ ಎಳ್ಕೊಂಡು ಚಾರ್ಜ್ ಮಾಡ್ತೀನಿ."

"ವೈರು ಎಲ್ಲಿಂದ ಬರ್ತೈತೆ? ಒಳಗಿಂದ್ಲೇ ಬರ್ತೈತಲ್ಲ? ಕರೆಂಟು ಆ ಕಡೆ ಹೋಗಿ ಈ ಕಡೆ ಬರ್ತೈತೋ ಇಲ್ಲೋ, ನೀನೇ ಹೇಳು, ನೀ ಓದಿದೋಳು."

ಉತ್ತರವಿತ್ತು. ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಅದನ್ನೇ ಬರೆದಿದ್ದೇನೆ. ಆದರೆ ಅವರು ಹಾಗೆ ಕೇಳಿದ ಕ್ಷಣದಲ್ಲಿ ನನಗೆ ಕಂಡದ್ದು ಮಷಿನ್ನಿನ ಪಾರದರ್ಶಕ ಕೊಳವೆ, ಅದರ ತುದಿಯಲ್ಲಿ ಇವರ ಮೂಗು. ಸಾವಿನ ಮನೆಯಿಂದ ಏನೋ ಒಂದು ಆ ವೈರಿನಲ್ಲಿ ಹರಿದು, ಆ ಕೊಳವೆಗೆ ಇಳಿದು... ಇಂಥದ್ದನ್ನು ಕಾಗದದ ಮೇಲೆ ಬರೆಯಲು ನಾಚಿಕೆಯಾಗುತ್ತದೆ. ಆಗ ನಾಚಿಕೆಯಾಗಲಿಲ್ಲ, ಭಯವಾಯಿತು. ಚನ್ನಗಿರಿಯಲ್ಲಿ ಇನ್ನೊಬ್ಬಾಕೆ ಕೊನೆಯುಸಿರೆಳೆದ ಮಷಿನ್ನನ್ನೇ ಮಂಚದ ಪಕ್ಕ ಇಟ್ಟುಕೊಂಡಿದ್ದೇವೆ ಎಂಬುದು ಆ ಹೊತ್ತಿನಲ್ಲಿ ಹೊಳೆಯಲೇ ಇಲ್ಲ. ಅಕ್ಕನಿಗೆ ಅದು ಯಾರ ಮಷಿನ್ ಎಂದು ನಾನು ಹೇಳಿಯೂ ಇರಲಿಲ್ಲ.

ಬ್ಯಾಟರಿಯನ್ನು ಕಟ್ಟೆಯ ಮೂಲೆಗೆ ನನ್ನ ಕೈಯಿಂದಲೇ ಸರಿಸಿ, ಮೇಲೆ ಗೋಣಿಚೀಲ ಹೊದಿಸಿದೆ. ಹನ್ನೊಂದು ದಿನದಲ್ಲಿ ಏನಾಗುತ್ತದೆ, ಚಳಿಗೆ ಮಿಸ್ಸಿನ ದಡ್ಡ ಹುಡುಗ ಸ್ವಲ್ಪ ಗೊಣಗಬಹುದು ಅಷ್ಟೆ ಎಂದು ಮನಸ್ಸಿಗೆ ಹೇಳಿಕೊಂಡೆ. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಅವತ್ತೂ ಕೂಗಾಡುತ್ತಿದ್ದೆ.

"ಬ್ಯಾಟ್ರಿ ಬಂತೇನೆ?" ಎಂದರು ಇವರು, ನಾನು ಗಂಜಿ ತಂದಾಗ.

"ಬಂತು."

"ಎಷ್ಟು ತೋರಿಸ್ತು?"

"ಹಿತ್ತಲ ಕೋಣೇಲಿ ಚಾರ್ಜಿಗೆ ಹಾಕಿದೀನಿ, ಅದರ ಗ್ಯಾಸು ನಿಮ್ಗೆ ಆಗಲ್ಲ."

ಮೂರು ದಿನ ಬಿಟ್ಟು ಮತ್ತೆ ಕೇಳಿದರು. "ಈಗ ಎಷ್ಟೈತೆ?"

"ಸಾವಿರದ ಇನ್ನೂರ ಐವತ್ತು."

"ಶಭಾಸ್" ಎಂದರು ಕಣ್ಣು ಮುಚ್ಚಿಯೇ. "ಹತ್ತು ಕಡಿಮೆ. ನಮ್ಮಂಗೇ. ಹಳೇದಾಯ್ತು."

ನಾನು ಹೇಳಿದ ಅಂಕಿ ಎಲ್ಲಿಂದ ಬಂತೋ ಗೊತ್ತಿಲ್ಲ. ಕಾನ್ವೆಂಟಿನಲ್ಲಿ ಸುಳ್ಳು ಹೇಳಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು; ಒಮ್ಮೆಯೂ ನಿಲ್ಲದ ಹುಡುಗಿ ನಾನು. ಅದಕ್ಕೆಂದು ಏಸುವಿನ ಚಿತ್ರದ ಪುಟ್ಟ ಕಾರ್ಡು, ಹೋಲಿ ಪಿಕ್ಚರ್ ಒಂದನ್ನು ಬಹುಮಾನವಾಗಿ ಕೊಟ್ಟಿದ್ದರು.

ಹನ್ನೊಂದನೇ ದಿನ ನಾಲ್ಕನೇ ಮನೆಯಲ್ಲಿ ಊಟವಾಯಿತು. ಅಕ್ಕ ತಾವೇ ತಂಬಿಗೆ ಹಿಡಿದು ಬಂದು ಬ್ಯಾಟರಿಯ ಸುತ್ತ ಅರಿಶಿನದ ನೀರು ಚಿಮುಕಿಸಿದರು. ಒಳಗೆ ತಂದೆ. ಬಿರಡೆ ತೆಗೆದು ಟಾರ್ಚ್ ಹಾಕಿ ನೋಡಿದರೆ ಪ್ಲೇಟುಗಳ ಅಂಚಿನಲ್ಲಿ ರವೆ ಉದುರಿಸಿದ ಹಾಗೆ ಬಿಳುಪು. ಚಾರ್ಜಿಗೆ ಹಾಕಿದೆ. ಅರ್ಧ ಗಂಟೆಯಲ್ಲೇ ಬೆಚ್ಚಗಾಗಿ ಗುಳುಗುಳು ಕುದಿಯತೊಡಗಿತು. ತೆಗೆದು, ಆರಿಸಿ, ಕಡಿಮೆ ಕರೆಂಟಿನಲ್ಲಿ ಎರಡು ದಿನ ಹಾಕಿದೆ. ತೇಲುಕಡ್ಡಿ ಸಾವಿರದ ನೂರ ಇಪ್ಪತ್ತರಿಂದ ಮೇಲೇಳಲಿಲ್ಲ.

ಔಷಧಿ ತರುತ್ತೇನೆಂದು ಇವರಿಗೆ ಹೇಳಿ, ಆಟೋದಲ್ಲಿ ಬ್ಯಾಟರಿ ಇಟ್ಟುಕೊಂಡು ನ್ಯಾಮತಿಗೆ ಹೋದೆ. ಹೊನ್ನಾಳಿಯಲ್ಲೇ ತೋರಿಸಬಹುದಿತ್ತು. ಊರಲ್ಲಿ ಒಬ್ಬರ ಬಾಯಿಂದ ಒಬ್ಬರಿಗೆ ಹೋಗಿ ಇವರ ಕಿವಿಗೆ ಬೀಳುವುದು ಬೇಡವಾಗಿತ್ತು. ನ್ಯಾಮತಿಯ ಬ್ಯಾಟರಿ ಅಂಗಡಿಯವನು ಎರಡು ಕಡ್ಡಿಯ ಟೆಸ್ಟರನ್ನು ತಲೆಗಳ ಮೇಲೆ ಒತ್ತಿ ಹಿಡಿದ. ಮುಳ್ಳು ಒಮ್ಮೆ ಹಾರಿ ಸತ್ತು ಬಿತ್ತು.

"ಅಮ್ಮಾರೇ, ಇದು ಈಗ ಬ್ಯಾಟ್ರಿ ಅಲ್ಲ, ಕಲ್ಲು. ಗೋಡೆ ಕಟ್ಟಾಕೆ ಆಗ್ತೈತೆ. ಎಷ್ಟ್ ದಿನ ಖಾಲಿ ಬಿಟ್ಟಿದ್ರಿ?"

"ಹನ್ನೊಂದು."

"ಯಾರ್ರೀ ಆ ಪುಣ್ಯಾತ್ಮ? ಇಷ್ಟ್ ಚೆಂದಾಗಿ ಇಟ್ಕಂಡೀರಿ, ಟರ್ಮಿನಲ್ ನೋಡಿದ್ರೆ ಹೊಸದ್ರಂಗೆ ಐತೆ. ಹನ್ನೊಂದು ದಿನ ಮರೆತ್ ಬಿಟ್ರಾ?"

"ಹೂಂ, ಮರೆತೆವು" ಎಂದೆ.

ಹೊಸದು ಅಂಗಡಿಯಲ್ಲೇ ಇತ್ತು. ಬಿಳಿಯ ಪೆಟ್ಟಿಗೆ, ಕೆಂಪು ಮುಚ್ಚಳ. ನಮ್ಮದು ಕಪ್ಪು. ಇವರ ಮಂಚದಿಂದ ಇನ್ವರ್ಟರ್ ನೇರ ಕಾಣುತ್ತದೆ. ಕೆಂಪು ಮುಚ್ಚಳ ಕಂಡ ಕೂಡಲೇ ಕೇಳುತ್ತಾರೆ. ಕೇಳಿದರೆ ಹನ್ನೊಂದು ದಿನದ ಕತೆ ಹೇಳಬೇಕು, ಸಾವಿರದ ಇನ್ನೂರ ಐವತ್ತರ ಕತೆಯನ್ನೂ. "ಯೋಚನೆ ಮಾಡಿ ಬರ್ತೀನಿ" ಎಂದೆ. ನನಗೆ ದುಡ್ಡಿನ ತೊಂದರೆಯಿರಬೇಕೆಂದು ಅಂಗಡಿಯವನಿಗೆ ಅನ್ನಿಸಿರಬಹುದು. ಸತ್ತ ಬ್ಯಾಟರಿಯನ್ನು ಒರೆಸಿ ಮನೆಗೆ ತಂದು ಅದರ ಜಾಗದಲ್ಲೇ ಇಟ್ಟೆ, ವೈರನ್ನು ಮಾತ್ರ ಜೋಡಿಸದೆ. ಅಕ್ಕ ಬೆಳಿಗ್ಗೆ ಎರಡಕ್ಕೂ ವಿಭೂತಿ ಹಚ್ಚುತ್ತಲೇ ಇದ್ದರು.

ಒಂದು ವಾರ ಅದು ಹಾಗೆ ನಡೆಯಿತು. ನಡುವೆ ಎರಡು ಸಲ ಅರ್ಧ ಗಂಟೆ, ಮುಕ್ಕಾಲು ಗಂಟೆ ಕರೆಂಟು ಹೋಯಿತು. ಉಳಿದೊಂದೇ ಬ್ಯಾಟರಿ ತೂಗಿಸಿಕೊಂಡು ಹೋಯಿತು. ಸಂಕ್ರಾಂತಿ ಕಳೆದ ಮೇಲೆ ಇವರು ಸ್ವಲ್ಪ ಗೆಲುವಾದರು ಕೂಡ. ಕಬ್ಬಿನ ತುಂಡು ಚೀಪಿದರು. ಮಳೆಗಾಲಕ್ಕೆ ದೋಣಿಯ ತಳಕ್ಕೆ ಬಣ್ಣ ಹಚ್ಚಬೇಕು, ಯಾರಿಗೆ ಹೇಳೋಣ ಎಂದು ಕೇಳಿದರು.

ಆಮೇಲೆ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜು ಬಂತು. ಲೈನ್ ಕೆಲಸವಂತೆ, ನಾಳೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಕರೆಂಟು ಇರುವುದಿಲ್ಲ. ನಾನು ಲೆಕ್ಕದಲ್ಲಿ ದಡ್ಡಿಯಲ್ಲ. ಎರಡು ಬ್ಯಾಟರಿಯಿದ್ದರೆ ಸಿಲಿಂಡರ್ ಸೇರಿ ಹೆಚ್ಚುಕಡಿಮೆ ನಾಲ್ಕು ಗಂಟೆ. ಒಂದೇ ಇದ್ದರೆ ಎರಡೂಕಾಲು. ಆ ಸಂಜೆಯೇ ನ್ಯಾಮತಿಗೆ ಫೋನ್ ಮಾಡಿದೆ. ಅಂಗಡಿಯವನು ತೆಗೆಯಲಿಲ್ಲ. ಹೊನ್ನಾಳಿಯ ಅಂಗಡಿಗೆ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಎರಡು ಗಂಟೆ ಎಂದು ಹೇಳಿ ಹನ್ನೆರಡಕ್ಕೇ ಕೊಡುವುದೂ ಉಂಟು ಎಂದುಕೊಂಡು ಮಲಗಿದೆ.

ಹತ್ತು ಗಂಟೆ ಐದು ನಿಮಿಷಕ್ಕೆ ಫ್ಯಾನು ನಿಂತಿತು. ಇನ್ವರ್ಟರ್ ಟಕ್ಕೆಂದಿತು. ಇವರು ಕಿಟಕಿಯ ಕಡೆ ನೋಡುತ್ತಲೇ ಹೇಳಿದರು, "ಹತ್ತು ಮಿಸ್ಸೂ, ದೋಣಿ ಹೊರಡ್ತು."

ಹನ್ನೊಂದೂವರೆಗೆ ಇನ್ವರ್ಟರ್ ಕುಯ್ ಎಂದು ಕೂಗಿತು. ಇವರು ತಲೆ ತಿರುಗಿಸಿದರು. ಕೂಗುವ ಹೊತ್ತಲ್ಲ ಅದು ಎಂದು ಅವರಿಗೆ ಗೊತ್ತಿತ್ತು. ನಾನು ಸಿಲಿಂಡರಿನ ಕೀಲಿ ತಿರುಗಿಸಿದೆ. ಅಕ್ಕ ಬೀದಿಗೆ ಓಡಿ ಕಂಬ ಹತ್ತಿದವನನ್ನು ಕೂಗಿ ಕೇಳಿದರು: "ಏಯ್ ತಮ್ಮಾ, ಯಾವಾಗ ಕೊಡ್ತೀಯೋ? ಇಲ್ಲಿ ಜೀವ ಐತಪ್ಪಾ!" ಅವನು ಮೇಲಿನಿಂದಲೇ, "ಅಜ್ಜೀ, ನಾನ್ ಮುಟ್ಟಿರೋ ವೈರಿಗೆ ಕರೆಂಟ್ ಕೊಟ್ರೆ ಎರಡ್ ಜೀವ ಹೋಗ್ತಾವೆ" ಎಂದ. ಅವನ ಮಾತೂ ನಿಜ.

ಹನ್ನೆರಡೂಕಾಲಿಗೆ ಸಿಲಿಂಡರ್ ಮುಗಿಯುತ್ತಿದ್ದಂತೆ ಇವರ ಉಗುರು ನೀಲಿಗೆ ತಿರುಗುವುದು ಕಂಡಿತು. ಆಂಬುಲೆನ್ಸಿಗೆ ಫೋನ್ ಮಾಡಿದೆ.

ಸ್ಟ್ರೆಚರ್ ಒಳಗೆ ಬಂದಾಗ ಇವರು ಮಂಚದ ಪಟ್ಟಿ ಹಿಡಿದುಕೊಂಡರು. ದೋಣಿಯ ಹಗ್ಗ ಎಳೆದ ಕೈ, ಬಿಡಿಸುವುದು ಸುಲಭವಿರಲಿಲ್ಲ. ಒಂದೊಂದೇ ಬೆರಳನ್ನು ನಾನೇ ಬಿಡಿಸಿದೆ. ಅವರು ನನ್ನ ಮುಖ ನೋಡಲಿಲ್ಲ, ಇನ್ವರ್ಟರಿನ ಪಕ್ಕದಲ್ಲಿ ವೈರಿಲ್ಲದೆ ಕೂತ ಕಪ್ಪು ಬ್ಯಾಟರಿಯನ್ನು ನೋಡುತ್ತಿದ್ದರು.

ಆಸ್ಪತ್ರೆಯಲ್ಲಿ ಎಲ್ಲವೂ ಇತ್ತು. ಗೋಡೆಯಿಂದಲೇ ಆಕ್ಸಿಜನ್ ಬರುತ್ತಿತ್ತು. ಹಿತ್ತಲಲ್ಲಿ ಲಾರಿಯಷ್ಟು ದೊಡ್ಡ ಜನರೇಟರ್. ಮೂರನೇ ದಿನ ಸ್ವಲ್ಪ ಮಾತು ಬಂತು. ನಾನು ಕುರ್ಚಿ ಹತ್ತಿರ ಎಳೆದುಕೊಂಡು ಎಲ್ಲವನ್ನೂ ಹೇಳಿದೆ: ಕಟ್ಟೆ, ಗೋಣಿಚೀಲ, ನ್ಯಾಮತಿ, ಸುಳ್ಳು ಅಂಕಿ. ಅಕ್ಕನ ಹೆಸರನ್ನು ತರಲಿಲ್ಲ. ಅಕ್ಕ ಅಡ್ಡ ನಿಂತದ್ದು ನಿಜ, ಆದರೆ ಅಕ್ಕನಿಗೆ ಸೀಸದ ಪ್ಲೇಟಿನ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನು.

ಅವರು ಛಾವಣಿ ನೋಡುತ್ತಿದ್ದರು. "ಯಾಕೆ ಒಳಗ್ ತರ್ಲಿಲ್ಲ?" ಎಂದರು.

"ಭಯ ಆಯ್ತು ರೀ."

"ಏನ್ ಭಯ? ನಾ ಸಾಯ್ತೀನಿ ಅಂತಾನಾ?"

"ಹೂಂ."

"ಸಾಯ್ತೀನಲ್ಲ ಮತ್ತೆ" ಎಂದು ನಗಲು ಹೋದರು. ನಗು ಕೆಮ್ಮಾಯಿತು, ಸಿಸ್ಟರ್ ಓಡಿ ಬಂದು ನನ್ನನ್ನು ಹೊರಗೆ ಕಳಿಸಿದರು.

ಮತ್ತೆ ಆರು ದಿನ ಬದುಕಿದ್ದರು, ಆ ಛಾವಣಿಯ ಕೆಳಗೇ. ಮನೆಗೆ ಕರೆದುಕೊಂಡು ಹೋಗು ಎಂದು ಕೇಳುತ್ತಾರೆಂದು ಪ್ರತಿದಿನ ಕಾದೆ. ಡಾಕ್ಟರ್ ಬಿಡುವುದಿಲ್ಲ, ಕರೆಂಟಿಗೆ ನಂಬಿಕೆಯಿಲ್ಲ, ಬೇಸಿಗೆ ಬರಲಿ ಎಂದೆಲ್ಲ ಉತ್ತರ ಜೋಡಿಸಿಕೊಂಡಿದ್ದೆ. ಅವರು ನೀರು ಕೇಳಿದರು, ದಿಂಬು ಸರಿಮಾಡು ಎಂದರು, ಊಟ ಮಾಡಿದೆಯಾ ಎಂದು ಎರಡು ಸಲ ಕೇಳಿದರು. ಮನೆಯ ಮಾತೆತ್ತಲಿಲ್ಲ. ನನ್ನನ್ನು ಕೇಳಿ ಪ್ರಯೋಜನವಿಲ್ಲ ಎಂದು ಅವರು ತೀರ್ಮಾನಿಸಿದ್ದರು ಎಂದೇ ನನ್ನ ನಂಬಿಕೆ.